ನೀಲಿಯ ಕಲೆಯೂ ಲಕ್ಷ್ಮಣತೀರ್ಥದ ಕೆನ್ನೀರೂ

ಒಗೆದ ಪಂಚೆಗಳಿಗೆ ನೀಲಿ ಹಾಕುವ ದಿನ, ಬಕೆಟ್ಟಿನ ನೀರಿಗೆ ಚಿಟಿಕೆ ನೀಲಿಪುಡಿಯನ್ನು ಉದುರಿಸಿ, ಅದನ್ನು ಚೆನ್ನಾಗಿ ಕದಡುವಷ್ಟು ತಾಳ್ಮೆಯಿಲ್ಲದೆ ಬಟ್ಟೆಯನ್ನು ಮುಳುಗಿಸಿಬಿಟ್ಟರೆ, ಒಣಗಿದ ಮೇಲೆ ಮಡಿಕೆಮಡಿಕೆಯಲ್ಲಿಯೂ ನೀಲಿಯ ಚುಕ್ಕೆಗಳು ಎದ್ದು ಕಾಣುವುದನ್ನು ಹುಣಸೂರು ಸೀಮೆಯ ಹಳೆಯ ಮನೆಗಳವರು ಯಾರೂ ಮರೆತಿರಲಾರರು. ಹಾಗೆ ಕಲೆಯಾದ ಪಂಚೆಯ ಸಲುವಾಗಿ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಈಚೆಗೆ ಬಂದಿರುವ ದ್ರವರೂಪದ ನೀಲಿಯಲ್ಲಿ ಈ ತೊಂದರೆಯಿಲ್ಲ. ಅದು ನೀರಿನಲ್ಲಿ ಪೂರ್ತಿ ಕರಗುವ ಬಣ್ಣ. ಪುಡಿಯ ನೀಲಿಯಾದರೋ ಕರಗುವ ಪದಾರ್ಥವೇ ಅಲ್ಲ. ನೀರಿನಲ್ಲಿ ಕೆಲಕಾಲ ತೇಲಿ, ಸಮಯ ಸಿಕ್ಕಿದೊಡನೆ ತಳಕ್ಕೆ ಇಳಿದು ಕೂರುವ ಅಸಂಖ್ಯ ಕಣಗಳ ಸಮೂಹ. ಮಡಿವಾಳನಿಗೆ ದೋಷವೆನಿಸಿದ ಈ ಗುಣವನ್ನೇ ಜಲವರ್ಣದ ಚಿತ್ರಕಾರರು ಒಂದು ಸೊಗಸೆಂದು ಭಾವಿಸಿ, ಬೇಕೆಂದೇ ಬರಿಸಿಕೊಂಡು, ಅದಕ್ಕಾಗಿ ಹಣ ತೆತ್ತು ಬಣ್ಣ ಕೊಳ್ಳುತ್ತಾರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಚೆನ್ನಾಗಿ ಕಾಸಿ ಆರಿಸಿದ ತುಪ್ಪವು ಮರಳುಮರಳಾಗಿ ಗಟ್ಟಿಯಾಗುವಂತೆ, ಕೆಲವು ಬಣ್ಣಗಳು ಕಾಗದದ ಮೇಲೆ ಒಣಗುವಾಗ ರವೆಗಟ್ಟುತ್ತವೆ. ಜಲವರ್ಣವೆಂದರೆ ನುಣ್ಣಗೆ ಅರೆದ ವರ್ಣದ್ರವ್ಯ ಮತ್ತು ಅದನ್ನು ಕಾಗದಕ್ಕೆ ಹಿಡಿದಿಡುವ ಅಂಟು, ಇಷ್ಟೇ. ಇದನ್ನು ಧಾರಾಳವಾದ ನೀರಿನಲ್ಲಿ ಕಲಸಿ, ತರಿತರಿಯಾದ ಹತ್ತಿಯ ಕಾಗದದ ಮೇಲೆ ಹರಡಿದರೆ, ಬರಿಗಣ್ಣಿಗೆ ಸಮತಟ್ಟಾಗಿ ತೋರುವ ಆ ಕಾಗದದಲ್ಲಿ ನಿಜವಾಗಿ ಇರುವ ಸಣ್ಣ ದಿಬ್ಬಗಳನ್ನು ಬಿಟ್ಟು ಸಣ್ಣ ಕಣಿವೆಗಳೊಳಕ್ಕೆ ದಪ್ಪಕಣಗಳು ಇಳಿದು ನೆಲೆಸುವುದರಿಂದ, ನೀರು ಆರಿದ ಮೇಲೆ ಒಂದೇ ಬಣ್ಣದ ಹಾಸಿನಲ್ಲಿ ತಿಳಿ ಮತ್ತು ಗಾಢದ ಹರಳುಹರಳಾದ ನೆಯ್ಗೆಯೊಂದು ಮೂಡುತ್ತದೆ. ನೀರಿನಲ್ಲಿ ಮುಳುಗುವ ಗೋಲಕಣದ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಸ್ಟೋಕ್ಸ್ ಎಂಬ ವಿಜ್ಞಾನಿಯು 1851ರಲ್ಲಿ ತೋರಿಸಿಕೊಟ್ಟನು. ಎಂದರೆ ವ್ಯಾಸ ಇಮ್ಮಡಿಯಾದರೆ ಇಳಿಯುವ ವೇಗ ನಾಲ್ಮಡಿ. ಕೋಬಾಲ್ಟ್ ನೀಲಿ, ಸೆರೂಲಿಯನ್ ನೀಲಿ, ವಿರಿಡಿಯನ್ ಹಸಿರು ಮೊದಲಾದವು ರವೆಗಟ್ಟಲು ಕಾರಣವಿದೇ. ಇಪ್ಪತ್ತನೆಯ ಶತಮಾನದಲ್ಲಿ ಬಂದ ಥ್ಯಾಲೋ ನೀಲಿಯ ಕಣಗಳಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದಾದುದರಿಂದ, ಅವು ಕಾಗದದ ನಾರಿನೊಳಕ್ಕೇ ನುಗ್ಗಿ ಕಲೆಯಾಗಿ ನಿಂತುಬಿಡುತ್ತವೆ, ಅಲ್ಲಿ ರವೆಯಿಲ್ಲ.

ನಮ್ಮ ಬಟ್ಟೆಯ ನೀಲಿಪುಡಿಯು ಇವೆರಡರ ನಡುವಿನ ಒಂದು ವಿಚಿತ್ರ. ಅದರ ನಿಜವಾದ ಹೆಸರು ಅಲ್ಟ್ರಾಮರೀನ್. ಆಫ್ಘಾನಿಸ್ಥಾನದ ಬದಖ್ಶಾನದ ಗಣಿಗಳಿಂದ ಬರುತ್ತಿದ್ದ ರಾಜಾವರ್ತಶಿಲೆಯನ್ನು ಅರೆದು ತೆಗೆಯುತ್ತಿದ್ದ ಈ ಬಣ್ಣವು ಒಂದು ಕಾಲಕ್ಕೆ ಬೆಲೆಯಲ್ಲಿ ಚಿನ್ನದೊಡನೆ ಪೈಪೋಟಿ ನಡೆಸುತ್ತಿತ್ತು. ಬಿಳಿಯ ಜೇಡಿ, ಸೋಡಾ, ಗಂಧಕ, ಇದ್ದಿಲುಗಳನ್ನು ಕೂಡಿಸಿ ಸುಟ್ಟು ಅದನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕಾಗಿ ಫ್ರಾನ್ಸಿನ ಗಿಮೆ ಎಂಬಾತನಿಗೆ 1828ರಲ್ಲಿ ಬಹುಮಾನ ಸಂದ ಮೇಲೆ ಬೆಲೆ ಕುಸಿದು, ರಾಜಸಭೆಯ ನೀಲಿಯು ಬಕೆಟ್ಟಿಗೆ ಇಳಿಯಿತು. ಇದರ ಕಣಗಳೇನೂ ಬಹಳ ದಪ್ಪವಲ್ಲ. ಆದರೆ ನೀರಿನಲ್ಲಿ ಒಂದನ್ನೊಂದು ಆಕರ್ಷಿಸಿ ಗುಂಪುಗೂಡಿ, ಆ ಗುಂಪಿನ ಭಾರದಿಂದ ಇಳಿಯುತ್ತವೆ. ಪಂಚೆಯ ಚುಕ್ಕೆಗೂ ಚಿತ್ರದ ರವೆಗೂ ಮೂಲ ಒಂದೇ.

ಈ ನೀಲಿಯನ್ನು ಕಂಡುಕೊಂಡ ಮೇಲೆ, ಅದರ ಜೊತೆಗೆ ಬೇಕಾದ ಕೆಂಪನ್ನು ದೂರದ ಅಂಗಡಿಯಿಂದ ತರಿಸುವ ಅಗತ್ಯವೇನೆಂಬ ಯೋಚನೆ ಬಂದಿತು. ಹೊಗೆಸೊಪ್ಪಿಗೆ ಹೆಸರಾದ ಹುಣಸೂರು, ಪಿರಿಯಾಪಟ್ಟಣಗಳ ಹಗುರವಾದ ಕೆಂಪು ಮರಳುಮಣ್ಣು ಕಾಲಿನ ಕೆಳಗೇ ಇರುವಾಗ, ಇಟಲಿಯ ಸಿಯೆನ್ನಾ ಊರಿನ ಹೆಸರು ಹೊತ್ತ ಮಣ್ಣನ್ನು ಕೊಳವೆಯಲ್ಲಿ ಕೊಳ್ಳುವುದು ಸ್ವಲ್ಪ ನಾಚಿಕೆಯ ಸಂಗತಿಯೇ ಅಲ್ಲವೆ? ಎರಡರ ಬಣ್ಣಕ್ಕೂ ಕಾರಣ ಕಬ್ಬಿಣದ ಆಕ್ಸೈಡೇ. ಒಣಗಿಸಿದ ಮಣ್ಣನ್ನು ಕುಟ್ಟಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿದು, ಚೊಂಬಿನ ನೀರಿನಲ್ಲಿ ಕದಡಿ, ಇಪ್ಪತ್ತು ಎಣಿಸುವಷ್ಟರಲ್ಲಿ ತಳಕ್ಕೆ ಬಿದ್ದ ಮರಳನ್ನು ಅಲ್ಲಿಯೇ ಬಿಟ್ಟು, ಮೇಲಿನ ಕೆನ್ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡೆ. ಅರ್ಧ ಗಂಟೆಯ ನಂತರ ಅದನ್ನೂ ಮೂರನೆಯದಕ್ಕೆ ಬಗ್ಗಿಸಿದೆ. ಹೀಗೆ ಒಂದೇ ಹಿಡಿ ಮಣ್ಣಿನಿಂದ ಮರಳು, ಮಧ್ಯಮಕಣ, ನುಣುಪು ಎಂದು ಮೂರು ತರಗತಿಗಳು ದೊರೆತವು. ಗೆಲುವು ಮಧ್ಯದ್ದಕ್ಕೆ. ಮೊದಲನೆಯದು ಒಣಗಿದ ಮೇಲೆ ಬೆರಳು ಸೋಕಿದರೆ ಉದುರುತ್ತದೆ. ಕೊನೆಯದು ಕಾಗದವನ್ನು ಕಾವಿಬಟ್ಟೆಯಂತೆ ಸಮವಾಗಿ ತೊಯ್ಸುತ್ತದೆ.

ಕೃಷ್ಣರಾಜನಗರದ ಕಾವೇರಿ ಬಯಲಿನ ಗದ್ದೆಯಿಂದ ತಂದ ಜೇಡಿಯು ನನ್ನನ್ನು ಬಹಳ ಸತಾಯಿಸಿತು. ಚುಂಚನಕಟ್ಟೆಯಲ್ಲಿ ಅಷ್ಟು ಆರ್ಭಟದಿಂದ ಧುಮುಕುವ ಹೊಳೆಯು ಗದ್ದೆಗೆ ತಂದಿಕ್ಕುವ ಮೆಕ್ಕಲು ಇಷ್ಟೊಂದು ನಯವಾಗಿರುವುದೆಂದು ನಾನು ಎಣಿಸಿರಲಿಲ್ಲ. ರಾತ್ರಿಯೆಲ್ಲ ಇಟ್ಟರೂ ನೀರು ತಿಳಿಯಾಗದೆ, ಕಡೆಗೆ ಕಾಗದದ ಮೇಲೆ ಬೂದುಬಣ್ಣದ ಮಂದವಾದ ಪೊರೆಯೊಂದಾಗಿ ಉಳಿಯಿತು. ಬತ್ತಕ್ಕೆ ಒಗ್ಗುವ ಮಣ್ಣು ಚಿತ್ರಕ್ಕೆ ಒಗ್ಗಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಹೆಗ್ಗಡದೇವನಕೋಟೆಯ ಕಡೆ ಬಂದರೆ ಕಥೆ ಬೇರೆ. ಸರಗೂರಿನ ಹೆಸರಿನಿಂದಲೇ ಭೂವಿಜ್ಞಾನಿಗಳು ಕರೆಯುವ ಶಿಲಾಸಮೂಹವೊಂದಿದ್ದು, ಮುನ್ನೂರು ಕೋಟಿ ವರ್ಷಗಳಷ್ಟು ಪ್ರಾಚೀನವೆಂದು ಗಣಿಸಲ್ಪಟ್ಟಿರುವ ಅದರಲ್ಲಿ ಪಟ್ಟೆಪಟ್ಟೆಯಾದ ಕಬ್ಬಿಣಶಿಲೆಯೂ, ಬೆಣಚುಶಿಲೆಯೂ, ಕಯನೈಟ್ ಎಂಬ ನಸುನೀಲಿಯ ಖನಿಜವೂ ಇವೆ. ಆ ನಸುನೀಲಿಯ ಮೋಹಕ್ಕೆ ಬಿದ್ದು, ಬೆರಳುದ್ದದ ಒಂದು ತುಂಡನ್ನು ಕಲ್ಲಿನ ಒರಳಿನಲ್ಲಿ ಒಂದು ಮಧ್ಯಾಹ್ನವೆಲ್ಲ ಅರೆದೆ. ಕೈ ನೊಂದದ್ದೇ ಲಾಭ; ದೊರೆತ ಪುಡಿ ಹಪ್ಪಳದ ಹಿಟ್ಟಿನಂತೆ ಬೆಳ್ಳಗಿತ್ತು. ಕಲ್ಲಿನಲ್ಲಿ ಕಾಣುವ ಬಣ್ಣವೆಲ್ಲ ಪುಡಿಯಲ್ಲಿ ಉಳಿಯುವುದಿಲ್ಲವೆಂಬ ಪಾಠವನ್ನು ಖನಿಜಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಓದಿಕೊಂಡಿದ್ದರೆ ಆ ಮಧ್ಯಾಹ್ನ ಉಳಿಯುತ್ತಿತ್ತು.

ಪುಡಿಯಾದರೂ ಬಣ್ಣ ಬಿಡದ ಕಲ್ಲುಗಳ ಜ್ಞಾನವುಳ್ಳ ಒಂದು ಪರಂಪರೆಯು ಪಿರಿಯಾಪಟ್ಟಣ ತಾಲ್ಲೂಕಿಗೆ 1961ರಿಂದೀಚೆಗೆ ನೆರೆಯಾಗಿ ಬಂದಿದೆ. ಆ ವರ್ಷ ಬೈಲಕುಪ್ಪೆಯಲ್ಲಿ ನೆಲೆಸತೊಡಗಿದ ಟಿಬೆಟ್ಟಿನ ಜನರ ಥಂಕಾ ಚಿತ್ರಕಲೆಯಲ್ಲಿ ಅಜುರೈಟ್ ಎಂಬ ನೀಲಿಯ, ಮ್ಯಾಲಕೈಟ್ ಎಂಬ ಹಸಿರಿನ ಕಲ್ಲುಗಳನ್ನು ಅರೆದು, ನೀರಿನಲ್ಲಿ ಕದಡಿ, ಊರುವ ಕ್ರಮದಲ್ಲಿ ಬೇರ್ಪಡಿಸಿ, ಚರ್ಮದ ಅಂಟಿನಲ್ಲಿ ಕಲಸುವುದು ಪ್ರಾಚೀನ ಪದ್ಧತಿ. ಮೊದಲು ಇಳಿದ ದಪ್ಪಕಣಗಳ ನೀಲಿ ಮೋಡಗಟ್ಟಿದ ರಾತ್ರಿಯಂತೆ ಗಾಢ. ಕೊನೆಗೆ ಇಳಿದ ನುಣುಪು ಬೆಳಗಿನ ಆಕಾಶದಂತೆ ತಿಳಿ. ಒಂದೇ ಕಲ್ಲು, ಕಣದ ಗಾತ್ರ ಬದಲಾದಂತೆಲ್ಲ ಬೇರೆ ಬಣ್ಣ. ನನ್ನ ಚೊಂಬಿನ ಪ್ರಯೋಗವನ್ನು ನಾನೇ ಕಂಡುಹಿಡಿದೆನೆಂಬ ಹೆಮ್ಮೆ ಇದನ್ನು ತಿಳಿದಂದಿಗೆ ಇಳಿಯಿತು.

ಅಂಟಿಗೆ ಜಾಲಿಯ ಗೋಂದು ಸಾಕು. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಬೆಳೆಯುವ ದಿಂಡಿಗದ ಮರದ ಅಂಟೂ ಆಗುತ್ತದೆಯಾದರೂ ಅದು ಜಾಲಿಯದಕ್ಕಿಂತ ಲೋಳೆ ಹೆಚ್ಚು. ಕಣಗಳು ಅದರಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಒಂದು ಪಾಲು ಗೋಂದನ್ನು ಎರಡು ಪಾಲು ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಬಣ್ಣ ಬಿರಿಯದಂತೆ ಕೆಲವು ತೊಟ್ಟು ಜೇನನ್ನೂ ಬೂಸಲು ಹಿಡಿಯದಂತೆ ಒಂದು ತೊಟ್ಟು ಲವಂಗದ ಎಣ್ಣೆಯನ್ನೂ ಸೇರಿಸಬೇಕು. ಗಾಜಿನ ಹಲಗೆಯ ಮೇಲೆ ಇದರೊಡನೆ ಮಣ್ಣನ್ನು ಅರೆಯುವಾಗ ಒಂದು ಎಚ್ಚರ: ಮೈಸೂರು ಸಂಪ್ರದಾಯದ ಚಿತ್ರಗಳಿಗೆ ಬಣ್ಣ ಅರೆಯುತ್ತಿದ್ದವರು ನುಣುಪಾದಷ್ಟೂ ಲೇಸೆಂದು ನಂಬಿದ್ದರು, ಅವರ ಸೂಕ್ಷ್ಮರೇಖೆಗೆ ಅದು ಸರಿಯೇ. ರವೆ ಬೇಕೆನ್ನುವವನು ಅರ್ಧದಲ್ಲಿಯೇ ಕೈ ನಿಲ್ಲಿಸುವುದನ್ನು ಕಲಿಯಬೇಕು. ಕೊಳವೆಯ ಬಣ್ಣ ಕೊಳ್ಳುವವರು ಮಾತ್ರ ಅಂದದ ಹೆಸರಿಗೆ ಮರುಳಾಗದೆ ಮೈಮೇಲಿನ ಸಂಕೇತವನ್ನು ಓದಲಿ: ಪಿಬಿ 29 ಎಂದರೆ ಅಲ್ಟ್ರಾಮರೀನ್, ಪಿಬಿ 28 ಕೋಬಾಲ್ಟ್ ನೀಲಿ, ಪಿಜಿ 18 ವಿರಿಡಿಯನ್, ಪಿಬಿಆರ್ 7 ಕಂದುಮಣ್ಣು, ಪಿಬಿ 15 ಎಂದಿದ್ದರೆ ಅದು ರವೆಗಟ್ಟದ ಥ್ಯಾಲೋ.

ನೀರಿನ ಗುಣವೂ ಕಡೆಗಣಿಸತಕ್ಕದ್ದಲ್ಲ. ಬೇಳೆ ಬೇಯದ ಕೊಳವೆಬಾವಿಯ ಗಡಸುನೀರಿನಲ್ಲಿ ರವೆ ಹೆಚ್ಚಾಗಿಯೂ ಹಿಡಿದಿಟ್ಟ ಮಳೆನೀರಿನಲ್ಲಿ ಕಡಿಮೆಯಾಗಿಯೂ ಬರುವುದನ್ನು ಒಂದೇ ಕಾಗದದ ಎರಡು ಅಂಚುಗಳಲ್ಲಿ ನೋಡಿದ್ದೇನೆ. ಬಣ್ಣ ಹಾಸಿದ ಮೇಲೆ ಹಲಗೆಯನ್ನು ಮಟ್ಟಸವಾಗಿ ಇಟ್ಟು ತಾನಾಗಿ ಆರಲು ಬಿಡುವುದೂ, ಕುಂಚದಿಂದ ಮತ್ತೆ ಮತ್ತೆ ಕೆದಕದಿರುವುದೂ ಮುಖ್ಯ. ಕೈಚಪಲವೇ ಇಲ್ಲಿ ದೊಡ್ಡ ಶತ್ರು.

ಇಷ್ಟೆಲ್ಲ ಆದ ಮೇಲೆ ಬರೆದದ್ದೇನು? ಆಷಾಢದ ಒಂದು ಸಂಜೆ ಕಂಡ ಬೆಟ್ಟದಪುರದ ಬೆಟ್ಟ. ಬಟ್ಟೆಯ ನೀಲಿಯನ್ನೂ ಹುಣಸೂರಿನ ಕೆಂಪನ್ನೂ ಬೆರಸಿ ಬೂದುಬಣ್ಣ ಮಾಡಿ ಒಂದೇ ಸಲಕ್ಕೆ ಎಳೆದೆ. ಹಸಿಯಾಗಿದ್ದಾಗ ಒಂದೇ ಬೂದಾಗಿದ್ದುದು, ಆರುತ್ತ ಬಂದಂತೆ ಬೇರೆಯಾಗಿ, ನೀಲಿ ಒಂದೆಡೆ ಗುಂಪುಗೂಡಿ ಕೆಂಪು ಅದರ ಸುತ್ತ ನಿಂತು, ಮಳೆಯ ಹಿಂದಿನ ಬಂಡೆಯ ಮೈಯೇ ಕಾಗದದಲ್ಲಿ ಬಂದಂತಾಯಿತು. ರೇಖೆ ಸೊಟ್ಟ, ಗುಡಿಯ ಗೋಪುರ ಇಡ್ಲಿಯಂತಿದೆ. ಆದರೂ ಬಂಡೆ ಬಂಡೆಯಾಗಿದೆ. ಜಲವರ್ಣದಲ್ಲಿ ಬೆಟ್ಟವನ್ನು ನಿಜವಾಗಿ ಬಲ್ಲ ಕೈ ಯಾವುದೆಂದು ನೋಡಬಯಸುವವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗಿ, ಕೆ. ವೆಂಕಟಪ್ಪನವರು ಉದಕಮಂಡಲದಲ್ಲಿ ಬರೆದ ದೃಶ್ಯಚಿತ್ರಗಳ ಮುಂದೆ ನಿಲ್ಲಲಿ.

ಪ್ರಯೋಗ ಮಾಡಬಯಸುವ ಓದುಗರಿಗೆ ನನ್ನದೊಂದು ಸೂಚನೆ. ಮುಂಗಾರಿನ ಮೊದಲ ಕೆನ್ನೀರು ಲಕ್ಷ್ಮಣತೀರ್ಥದಲ್ಲಿ ಬಂದಾಗ ಹುಣಸೂರಿನಲ್ಲಿ ಒಂದು ಸೀಸೆ ನೀರು ತುಂಬಿಸಿಕೊಂಡು, ಮನೆಯ ಕಿಟಕಿಯ ಮೇಲೆ ಅಲುಗಾಡದಂತೆ ಇಟ್ಟು, ಮರುದಿನ ಬೆಳಿಗ್ಗೆ ಅದರ ತಳವನ್ನು ಪದರಪದರವಾಗಿ ನೋಡಿರಿ. ಕಾಗದ, ಕುಂಚಗಳನ್ನು ಆಮೇಲೆ ಕೊಂಡರಾಯಿತು.