ಸ್ಕ್ರೀನ್ ಮೇಲೆ ಬಂದ ನಂಬರಿಗೆ ಕರೆ ಮಾಡಬೇಡಿ

ಅಪ್ಪ ಯಾವುದೋ ಹಳೇ ಹಾಡು ಹುಡುಕ್ತಿದ್ದಾರೆ. ಒಂದು ಕ್ಲಿಕ್, ಇಡೀ ಸ್ಕ್ರೀನ್ ಕೆಂಪು! ಜೋರು ಬೀಪ್ ಸದ್ದು. "ವೈರಸ್ ಬಂದಿದೆ, ಕಂಪ್ಯೂಟರ್ ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ."

ಗಾಬರಿ ಬೇಡ. ಬ್ರೌಸರ್‌ನಲ್ಲಿ ತೆರೆದುಕೊಂಡ ಒಂದು ವೆಬ್ ಪುಟ ಅದು. ಪೂರ್ತಿ ಪರದೆ ತುಂಬಿಕೊಂಡಿರೋದರಿಂದ ಕಂಪ್ಯೂಟರೇ ಲಾಕ್ ಆದ ಹಾಗೆ ಕಾಣುತ್ತೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ.

ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಪೂರ್ತಿ ಪರದೆ ಬಿಟ್ಟುಕೊಟ್ಟ ಮೇಲೆ ಆ ಪುಟ ಮುಚ್ಚಿ. ಆಗಲಿಲ್ವಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಬ್ರೌಸರ್ ಆರಿಸಿ, ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆದಾಗ 'ರಿಸ್ಟೋರ್' ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ, ಇಲ್ಲದಿದ್ರೆ ಅದೇ ಪುಟ ವಾಪಸ್ ಬರುತ್ತೆ.

ನಿಜವಾದ ಅಪಾಯ ಶುರುವಾಗೋದು ಕರೆ ಮಾಡಿದ ಮೇಲೆ. ಆ ಕಡೆಯವನು ನಯವಾಗಿ ಮಾತಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಥರದ ಆ್ಯಪ್ ಹಾಕಿಸ್ತಾನೆ. ಕೋಡ್ ಹೇಳಿ ಅನುಮತಿ ಕೊಟ್ಟರೆ, ಮನೆ ಬೀಗದ ಕೈಯನ್ನೇ ಕೊಟ್ಟ ಹಾಗೆ.

ಕೊಟ್ಟುಬಿಟ್ಟಿದ್ದೀರಾ? ಮೊದಲು ಇಂಟರ್ನೆಟ್ ಕಡಿದುಹಾಕಿ. ಬ್ಯಾಂಕಿಗೆ ತಿಳಿಸಿ. ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ, ಹಣ ಖಾತೆಯಿಂದ ಖಾತೆಗೆ ದಾಟೋದಕ್ಕೆ ಮುಂಚೆ ತಡೆಯೋ ಅವಕಾಶ ಹೆಚ್ಚು.