ಚುಕ್ಕಿ ಕುಂಟಿದ ಹತ್ತು ದಿನ

ನಾಯಿಗೆ ನೋವಾದರೆ ಕುಂಯ್‌ಗುಟ್ಟುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ಗಿಳಿ ಮಾತ್ರ ಏನೂ ಆಗಿಲ್ಲ ಎಂಬಂತೆ ಕೂತಿರುತ್ತದೆ. ಕಾಡಿನಲ್ಲಿ ದುರ್ಬಲವಾಗಿ ಕಂಡ ಹಕ್ಕಿಯೇ ಬೇಟೆ ಪ್ರಾಣಿಯ ಕಣ್ಣಿಗೆ ಮೊದಲು ಬೀಳುವುದರಿಂದ, ನೋವು ಮುಚ್ಚಿಡುವುದು ಅದರ ಹುಟ್ಟುಗುಣ. ಹಾಗಾಗಿ ಸಾಕಿದವರೇ ಕಣ್ಣಿಟ್ಟಿರಬೇಕು.

ಮೈಸೂರಿನ ಅಶೋಕಪುರಂನ ನಮ್ಮ ಮನೆಯ ಚುಕ್ಕಿ ಕಾಕಟೀಲ್ ಜಾತಿಯದು. ಆಸ್ಟ್ರೇಲಿಯಾ ಮೂಲದ, ಕೆನ್ನೆ ಮೇಲೆ ಕಿತ್ತಳೆ ಬಣ್ಣದ ಬೊಟ್ಟಿರುವ ಪುಟ್ಟ ಗಿಳಿ. ತಾತ ತೀರಿಕೊಂಡ ಮೇಲೆ ಅಜ್ಜಿ ಮನಸ್ಸು ಬಿಚ್ಚಿ ಮಾತಾಡುವುದು ಅದರ ಜೊತೆಗೇ.

ಕಳೆದ ದೀಪಾವಳಿಯ ರಾತ್ರಿ ಬೀದಿಯಲ್ಲಿ ಸರಪಟಾಕಿ ಸಿಡಿಯಿತು. ಕಾಕಟೀಲ್‌ಗಳು ಕತ್ತಲಲ್ಲಿ ಬೇಗ ಬೆಚ್ಚಿಬೀಳುತ್ತವೆ. ಪಂಜರದೊಳಗೆ ಪಟಪಟ ಬಡಿದಾಡಿದ ಸದ್ದು ಕೇಳಿ ಲೈಟ್ ಹಾಕಿದರೆ, ಬಲಗಾಲಿನ ಒಂದು ಉಗುರು ತಂತಿಗೆ ಸಿಕ್ಕಿ ಮುರಿದು ರಕ್ತ ಸೋರುತ್ತಿತ್ತು.

ಚುಕ್ಕಿಯ ತೂಕ ಸುಮಾರು 90 ಗ್ರಾಂ. ಹಕ್ಕಿಯ ಮೈಯಲ್ಲಿ ತೂಕದ ಹತ್ತನೇ ಒಂದು ಭಾಗದಷ್ಟು ರಕ್ತ ಇರುತ್ತದೆ. ಅಂದರೆ ಎರಡು ಟೀ ಚಮಚವೂ ತುಂಬದು! ನಮಗೆ ಕೆಲವೇ ಹನಿ ಅನ್ನಿಸುವುದು ಅದಕ್ಕೆ ಸಣ್ಣದಲ್ಲ.

'ಅರಿಶಿನಾನ ಕೊಬ್ರಿ ಎಣ್ಣೇಲಿ ಕಲಸಿ ಮೆತ್ತು ಮಗ' ಅಂದರು ಅಜ್ಜಿ. ಆದರೆ ಹಕ್ಕಿಗೆ ಎಣ್ಣೆ, ಜಿಡ್ಡಿನ ಮುಲಾಮು ಆಗುವುದಿಲ್ಲ. ಪುಕ್ಕಕ್ಕೆ ಅಂಟಿದರೆ ಮೈ ಬೆಚ್ಚಗಿರುವುದಿಲ್ಲ, ಕೊಕ್ಕಿನಿಂದ ಕೆದಕಿ ನುಂಗಿಯೂ ಬಿಡುತ್ತದೆ. ಅಪ್ಪ ಅದನ್ನು ತೆಳು ಟವೆಲ್‌ನಲ್ಲಿ ಮೆತ್ತಗೆ ಹಿಡಿದರು. ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಹಾಗಾಗಿ ಎದೆ ಅದುಮಬಾರದು. ನಾನು ಉಗುರಿನ ತುದಿಗೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ. ಕೆಲವೇ ನಿಮಿಷದಲ್ಲಿ ರಕ್ತ ನಿಂತಿತು. ನೆನಪಿರಲಿ, ಈ ಹಿಟ್ಟಿನ ಉಪಾಯ ಉಗುರಿಗೆ ಮಾತ್ರ, ಚರ್ಮದ ಗಾಯಕ್ಕಲ್ಲ.

ಬೆಳಿಗ್ಗೆ ಹೋದ ಮೊದಲ ಕ್ಲಿನಿಕ್‌ನಲ್ಲಿ 'ನಾವು ನಾಯಿ, ಬೆಕ್ಕು ಮಾತ್ರ ನೋಡೋದು' ಅಂದರು. ಅಲ್ಲಿಂದ ಹಕ್ಕಿ ನೋಡುವ ವೈದ್ಯರನ್ನು ಹುಡುಕಿ ಹೋದೆವು. ಅವರು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ, ಬೆರಳು ಉಳುಕಿದೆ ಅಂದರು. ತೂಕ ನೋಡಿ ನೋವಿನ ಹನಿ ಔಷಧಿ ಕೊಟ್ಟರು. ಮನುಷ್ಯರ ಮಾತ್ರೆಯನ್ನು ಚೂರು ಮಾಡಿಯೂ ಕೊಡಬೇಡಿ ಎಂದು ಎಚ್ಚರಿಸಿದರು.

ಮನೆಯಲ್ಲಿ ಪಂಜರದ ಎತ್ತರದ ಕಡ್ಡಿಗಳನ್ನೆಲ್ಲ ತೆಗೆದು, ತಳಕ್ಕೆ ನೂಲು ಎದ್ದಿರದ ಮೆತ್ತನೆ ಬಟ್ಟೆ ಹಾಸಿದೆವು. ಕಾಳು, ನೀರು ಕೂತಲ್ಲೇ ಸಿಗುವಂತೆ ತಟ್ಟೆಯಲ್ಲಿಟ್ಟೆವು. ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ತೂಕ ಇಳಿದರೆ ಹಕ್ಕಿ ಸರಿಯಾಗಿ ತಿನ್ನುತ್ತಿಲ್ಲದಿರಬಹುದು. ಅಜ್ಜಿ ಹುರುಳಿಕಾಯಿ ಬಿಡಿಸುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ನಾಲ್ಕನೇ ದಿನ ಚುಕ್ಕಿ ಕಾಲೂರಿತು. ಹತ್ತನೇ ದಿನ ಮುಂದೆರಡು, ಹಿಂದೆರಡು ಬೆರಳು ಬಿಗಿಯಾಗಿ ಹಿಡಿದು ಕಡ್ಡಿ ಮೇಲೆ ಕೂತು ಶಿಳ್ಳೆ ಹೊಡೆಯಿತು. ಅಜ್ಜಿ ಅವತ್ತು ಹೊಟ್ಟೆ ತುಂಬ ಊಟ ಮಾಡಿದರು.

ಈಗ ರಾತ್ರಿ ಪಂಜರದ ಹತ್ತಿರ ಸಣ್ಣ ಬಲ್ಬ್ ಉರಿಯುತ್ತದೆ. ಒಂದೇ ದಪ್ಪದ ನುಣುಪು ಕೋಲಿನ ಬದಲು ಔಷಧಿ ಹೊಡೆಯದ ಸೀಬೆ ಮರದ ದಪ್ಪ, ಸಣ್ಣ ಕೊಂಬೆಗಳಿವೆ. ಸದಾ ಒಂದೇ ಕೋಲಿನ ಮೇಲೆ ಕೂತರೆ ಅಂಗಾಲಿನ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ಬರೀ ಕಾಳು ತಿಂದರೆ ಎ ಜೀವಸತ್ವದ ಕೊರತೆಯಾಗಿ ಆ ಹುಣ್ಣು ಹೆಚ್ಚುತ್ತದೆ. ಅದಕ್ಕೇ ಕ್ಯಾರೆಟ್, ಸೊಪ್ಪು ಕೊಡುತ್ತೇವೆ.

ಅಂದ ಹಾಗೆ, ನಮ್ಮ ಮರಗಳ ಹಸಿರು ಗಿಳಿಯನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಗಾಯಗೊಂಡ ಗಿಳಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಮನೆಯ ಹಕ್ಕಿಯ ಕಾಲು ಜೋತುಬಿದ್ದರೆ, ಬೆರಳು ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಮೇವು ಬಿಟ್ಟರೆ ಮನೆಮದ್ದಿಗೆ ಕಾಯಬೇಡಿ. ಹಕ್ಕಿ ನೋಡುವ ವೈದ್ಯರ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.