ಮಿತಾಹಾರ, ಚಯಾಪಚಯ ಮತ್ತು ದೇಹದ ತೂಕ

ಬೊಜ್ಜು ಇಂದು ಕೇವಲ ಶ್ರೀಮಂತರ ಸಮಸ್ಯೆಯಾಗಿ ಉಳಿದಿಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 24 ಹಾಗೂ ಪುರುಷರಲ್ಲಿ ಸುಮಾರು ಶೇಕಡ 23 ಮಂದಿ ಮಿತಿಮೀರಿದ ತೂಕ ಹೊಂದಿದ್ದಾರೆ. ಮಧುಮೇಹ, ಅಧಿಕ ರಕ್ತದೊತ್ತಡ ಮತ್ತು ಹೃದ್ರೋಗಗಳಿಗೆ ಇದು ದಾರಿ ಮಾಡಿಕೊಡುತ್ತದೆ. ಆದ್ದರಿಂದ ಅನೇಕರು ಊಟ ಬಿಟ್ಟು ತೂಕ ಇಳಿಸಲು ಯತ್ನಿಸುತ್ತಾರೆ. ಮೊದಲ ಕೆಲವು ವಾರ ತೂಕ ಬೇಗನೆ ಇಳಿಯುತ್ತದೆ. ಬಳಿಕ ಇಳಿಕೆ ನಿಧಾನವಾಗಿ, ಒಮ್ಮೊಮ್ಮೆ ನಿಂತೇಹೋಗುತ್ತದೆ. ಇದಕ್ಕೆ ಕಾರಣವೇನು?

ಶಕ್ತಿಯ ಆಯವ್ಯಯ

ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯಲಾಗುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕ್ಯಾಲೊರಿ ಲಭಿಸುತ್ತದೆ. ಹೆಚ್ಚು ಶ್ರಮವಿಲ್ಲದ ಜೀವನ ನಡೆಸುವವರಲ್ಲಿ ಈ ಶಕ್ತಿಯ ಬಹುಪಾಲು ಉಸಿರಾಟ, ಹೃದಯದ ಬಡಿತ, ಮಿದುಳಿನ ಕಾರ್ಯ ಮುಂತಾದ ಮೂಲ ಕ್ರಿಯೆಗಳಿಗೇ ವ್ಯಯವಾಗುತ್ತದೆ. ಆಹಾರದ ಪಚನಕ್ಕೆ ಸುಮಾರು ಹತ್ತನೆಯ ಒಂದು ಪಾಲು, ಉಳಿದದ್ದು ಚಲನವಲನಕ್ಕೆ. ಈ ಸಮಸ್ತ ವ್ಯವಹಾರವೇ ಚಯಾಪಚಯ.

ಆದಾಯ ಕುಗ್ಗಿದಾಗ ಜಾಣ ಗೃಹಸ್ಥನು ಖರ್ಚು ತಗ್ಗಿಸುವಂತೆ ದೇಹವೂ ಮಾಡುತ್ತದೆ. ತೂಕ ಇಳಿದ ದೇಹಕ್ಕೆ ಬೇಕಾಗುವ ಶಕ್ತಿ ಸಹಜವಾಗಿಯೇ ಕಡಿಮೆ. ಅದರ ಜೊತೆಗೆ ದೇಹವು ಇನ್ನಷ್ಟು ಮಿತವ್ಯಯ ಸಾಧಿಸುತ್ತದೆ. ಹಸಿವು ಹೆಚ್ಚುತ್ತದೆ, ಅರಿವಿಲ್ಲದೆಯೇ ಓಡಾಟ ಕಡಿಮೆಯಾಗುತ್ತದೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಸ್ವಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ಯುವಕರು 24 ವಾರ ಅರೆಹೊಟ್ಟೆಯಲ್ಲಿದ್ದು ತೂಕದ ಸುಮಾರು ಕಾಲುಭಾಗ ಕಳೆದುಕೊಂಡರು. ಅವರ ಮೂಲ ಚಯಾಪಚಯ ಸುಮಾರು ಶೇಕಡ 40ರಷ್ಟು ಕುಸಿಯಿತು. ನಿರುತ್ಸಾಹ, ಖಿನ್ನತೆ ಮತ್ತು ಸದಾ ಆಹಾರದ್ದೇ ಚಿಂತೆ ಅವರನ್ನು ಆವರಿಸಿತು.

ಏರಿಳಿತದ ಆಹಾರ ಕ್ರಮ

ಈ ಕುಸಿತವನ್ನು ತಡೆಯಲೆಂದು ಕೆಲವರು ಕ್ಯಾಲೊರಿಗಳನ್ನು ಏರಿಳಿಸುವ ಕ್ರಮವನ್ನು ಅನುಸರಿಸುತ್ತಾರೆ. ಪ್ರತಿದಿನ 1,500 ಕ್ಯಾಲೊರಿ ಸೇವಿಸಿದರೆ ವಾರಕ್ಕೆ 10,500 ಆಗುತ್ತದೆ. ಐದು ದಿನ 1,400, ಎರಡು ದಿನ 1,750 ಸೇವಿಸಿದರೂ ಮೊತ್ತ ಅಷ್ಟೇ. ಹಬ್ಬ, ಮದುವೆಯೂಟಗಳಿಗೆ ಅವಕಾಶವಿರುವುದರಿಂದ ಕೆಲವರಿಗೆ ಇದನ್ನು ಪಾಲಿಸುವುದು ಸುಲಭ.

ಆಸ್ಟ್ರೇಲಿಯದಲ್ಲಿ ಬೊಜ್ಜುಳ್ಳ 51 ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರ ಮಿತಾಹಾರ, ಎರಡು ವಾರ ವಿರಾಮ ಎಂಬಂತೆ ನಡೆದವರು ಸತತ ಮಿತಾಹಾರದಲ್ಲಿದ್ದವರಿಗಿಂತ ಹೆಚ್ಚು ತೂಕ ಇಳಿಸಿದರು. ಆದರೆ ಅವರಿಗೆ 16 ವಾರಗಳ ಬದಲು 30 ವಾರ ಹಿಡಿಯಿತು. ಇಂತಹ ಲಾಭ ಎಲ್ಲ ಅಧ್ಯಯನಗಳಲ್ಲಿಯೂ ಕಂಡುಬಂದಿಲ್ಲ. ಒಂದೆರಡು ದಿನ ಹೆಚ್ಚು ಉಂಡ ಮಾತ್ರಕ್ಕೆ ಚಯಾಪಚಯವು ಪೂರ್ವಸ್ಥಿತಿಗೆ ಮರಳುವುದೆಂಬ ನಂಬಿಕೆಗೆ ದೃಢವಾದ ಆಧಾರವಿಲ್ಲ.

ಒಪ್ಪತ್ತು, ಏಕಾದಶಿಗಳ ಉಪವಾಸ ನಮ್ಮ ಜನರಿಗೆ ಹೊಸದಲ್ಲ. ಆದರೆ ಉಪವಾಸದ ಹೆಸರಿನಲ್ಲಿ ಸಬ್ಬಕ್ಕಿ, ಕರಿದ ತಿಂಡಿ, ಸಿಹಿಗಳನ್ನು ತಿಂದರೆ ವಾರದ ಲೆಕ್ಕ ತಪ್ಪುತ್ತದೆ.

ಪಾಲಿಸಬೇಕಾದ ಅಂಶಗಳು

ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಕೆ ಸಾಕು. ಅನ್ನ, ರೊಟ್ಟಿ, ಮುದ್ದೆಗಳ ಪ್ರಮಾಣವನ್ನು ತಗ್ಗಿಸಿ ಬೇಳೆ, ಮೊಳಕೆಕಾಳು, ಮಜ್ಜಿಗೆ, ಸೊಪ್ಪು, ತರಕಾರಿಗಳನ್ನು ಹೆಚ್ಚಿಸಬೇಕು; ರೂಢಿಯಿದ್ದವರು ಮೊಟ್ಟೆ, ಮೀನುಗಳನ್ನೂ ಬಳಸಬಹುದು. ಮಾಂಸಖಂಡಗಳು ಕರಗದಂತೆ ಕಾಪಾಡಲು ಪ್ರೋಟೀನಿನೊಡನೆ ಭಾರ ಎತ್ತುವಂತಹ ವ್ಯಾಯಾಮವೂ ಅಗತ್ಯ. ನಿತ್ಯ ನಡಿಗೆ ಮತ್ತು ಸಾಕಷ್ಟು ನಿದ್ರೆಯನ್ನು ಕಡೆಗಣಿಸಬಾರದು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳು ಇಂತಹ ಪ್ರಯೋಗಕ್ಕೆ ಇಳಿಯಬಾರದು. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಅವರು ಮೊದಲು ವೈದ್ಯರ ಸಲಹೆ ಪಡೆಯಲೇಬೇಕು.

ತೂಕ ಇಳಿಯುವುದು ನಿಂತಾಗ ಎದೆಗುಂದಿ ಊಟವನ್ನು ಮತ್ತಷ್ಟು ಕಡಿತಗೊಳಿಸುವುದು ಸರಿಯಲ್ಲ. ಅದು ಸಂಕಲ್ಪದ ಸೋಲಲ್ಲ, ದೇಹದ ಸಹಜ ರಕ್ಷಣಾ ಕ್ರಮ. ವರ್ಷಗಟ್ಟಲೆ ಪಾಲಿಸಬಲ್ಲ ಮಿತವಾದ ಆಹಾರವೇ ಕೊನೆಗೆ ಫಲ ನೀಡುವುದು.